ಕತ್ತರಿಸುವುದೋ, ಬಿಡಿಸುವುದೋ

ಕನ್ನಡದಲ್ಲಿ ‘ಬಿಡಿಸು’ ಎಂಬ ಕ್ರಿಯಾಪದಕ್ಕೆ ಇರುವಷ್ಟು ಕೆಲಸ ಬೇರೆ ಯಾವುದಕ್ಕೂ ಇದ್ದಂತಿಲ್ಲ. ಗಂಟು ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಅಡವಿಟ್ಟ ಒಡವೆ ಬಿಡಿಸಿಕೊಂಡು ಬರುತ್ತೇವೆ, ಒಗಟು ಬಿಡಿಸುತ್ತೇವೆ, ಕೊನೆಗೆ ಬರಿ ಹಾಳೆಯ ಮೇಲೆ ಚಿತ್ರವನ್ನೂ ಬಿಡಿಸುತ್ತೇವೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಎಳೆ ಹಾದುಹೋಗುತ್ತದೆ: ಬಿಡಿಸಿಕೊಂಡದ್ದೂ ಇಡಿಯಾಗಿ ಉಳಿಯುತ್ತದೆ, ಯಾವುದರಿಂದ ಬಿಡಿಸಿಕೊಂಡೆವೋ ಅದೂ ಮತ್ತೆ ಕೆಲಸಕ್ಕೆ ಬರುತ್ತದೆ. ಗಂಟು ಬಿಡಿಸಿದರೆ ಹಗ್ಗದ ಉದ್ದ ಹಾಗೇ ಇರುತ್ತದೆ. ಕತ್ತರಿಸಿದರೂ ಗಂಟು ಹೋಗುತ್ತದೆ ನಿಜ, ಜೊತೆಗೆ ಒಂದು ಗೇಣು ಹಗ್ಗವೂ ಹೋಗುತ್ತದೆ.

ಈ ವ್ಯತ್ಯಾಸ ನನಗೆ ನಿಘಂಟು ನೋಡುವಾಗ ಹೊಳೆಯಲಿಲ್ಲ. ಓಲೆಗರಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬಗ್ಗೆ ಬರೆದುಕೊಂಡ ನಾಲ್ಕಾರು ಸಾಲುಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ, ಹಾಗಾಗಿ ದಿನದ ಬಹುಪಾಲು ನಿಘಂಟಿನ ಪಕ್ಕದಲ್ಲೇ ಕಳೆಯುತ್ತದೆ. ಆದರೂ ಇದು ಹೊಳೆದದ್ದು ಹಾಸನದಲ್ಲಿ, 1972ರ ಒಂದು ಅಂಬಾಸಿಡರ್ ಮಾರ್ಕ್ 2 ಕಾರಿನ ಬಾನೆಟ್ಟಿನ ಕೆಳಗೆ, ಬಲಗಡೆಯ ಹೆಡ್‌ಲೈಟಿನ ಬೆನ್ನಿಗೆ ಟಾರ್ಚ್ ಬಿಟ್ಟುಕೊಂಡು ನಿಂತಿದ್ದಾಗ. ಕಾರು ನನ್ನ ತಾತನದು. ಅವರು ಕಾಫಿ ವ್ಯಾಪಾರಕ್ಕೆಂದು ಸಕಲೇಶಪುರಕ್ಕೆ ಅದರಲ್ಲೇ ಓಡಾಡುತ್ತಿದ್ದರು. ನಂಬರ್ ಪ್ಲೇಟು ಎಂ.ವೈ. ಎಂದು ಶುರುವಾಗುತ್ತದೆ, ಕಾರು ನೋಂದಣಿಯಾದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ತಾತ ಹೋದಮೇಲೆ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದ ಅದನ್ನು ನನ್ನ ಸೋದರಮಾವ ನಿವೃತ್ತಿಯಾದ ತಿಂಗಳೇ ಹೊರಗೆಳೆದರು. ಎಂಜಿನ್ನು, ಬ್ರೇಕು, ತಗಡಿನ ಕೆಲಸ ಎಲ್ಲ ಮುಗಿದು ಕೊನೆಗೆ ಉಳಿದದ್ದು ವೈರಿಂಗು. ರಜೆಯಲ್ಲಿ ಹೋಗಿದ್ದ ನನಗೆ ಟಾರ್ಚ್ ಹಿಡಿಯುವ ಕೆಲಸ ಸಿಕ್ಕಿತು.

ಹೆಡ್‌ಲೈಟಿನ ಹಿಂಭಾಗ ನೋಡಿರದವರಿಗಾಗಿ ಸ್ವಲ್ಪ ವಿವರಿಸಬೇಕು. ಆ ಕಾಲದ ಏಳು ಅಂಗುಲದ ದುಂಡು ಲೈಟಿನ ಬೆನ್ನಿಂದ ಮೂರು ಚಪ್ಪಟೆ ಲೋಹದ ನಾಲಿಗೆಗಳು ಹೊರಚಾಚಿರುತ್ತವೆ. ಒಂದು ಬ್ರೈಟಿಗೆ, ಒಂದು ಡಿಪ್ಪಿಗೆ, ಮತ್ತೊಂದು ಅರ್ತಿಗೆ. ಅವುಗಳ ಮೇಲೆ ಟೋಪಿಯಂತೆ ಕೂರುವ ಮೂರು ತೂತಿನ ಬಿಲ್ಲೆಯೇ ಕನೆಕ್ಟರ್. ಗ್ಯಾರೇಜಿನ ಕನ್ನಡದಲ್ಲಿ ಹೋಲ್ಡರ್ ಅಥವಾ ಕಪ್ಲರ್. ಅಂಬಾಸಿಡರ್ ಅಂದರೆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಇಂಗ್ಲಿಷ್ ಕಾರು ಉತ್ತರಪಾಡಾದಲ್ಲಿ ಪಡೆದ ಎರಡನೆಯ ಜನ್ಮವಾದ್ದರಿಂದ ವೈರಿನ ಬಣ್ಣಗಳೂ ಬ್ರಿಟಿಷ್ ಪದ್ಧತಿಯವೇ: ನೀಲಿಯ ಮೇಲೆ ಬಿಳಿ ಗೆರೆ ಬ್ರೈಟು, ನೀಲಿಯ ಮೇಲೆ ಕೆಂಪು ಗೆರೆ ಡಿಪ್ಪು, ಕಪ್ಪು ಅರ್ತು. ಈ ಕಾರಿನಲ್ಲಿ ಧೂಳು ಒರೆಸಿ, ಉಗುರಿನಿಂದ ಕೆರೆದರೆ ಮಾತ್ರ ಗೆರೆಗಳು ಕಾಣುತ್ತಿದ್ದವು.

ಆ ಹೋಲ್ಡರನ್ನು ತೆಗೆಯಲೇಬೇಕಿತ್ತು. ಯಾಕೆಂಬುದಕ್ಕೆ ಹೈಸ್ಕೂಲಿನ ಲೆಕ್ಕ ಸಾಕು. ಅರವತ್ತು ವಾಟಿನ ಬಲ್ಬು ಹನ್ನೆರಡು ವೋಲ್ಟಿನಲ್ಲಿ ಐದು ಆಂಪಿಯರ್ ಎಳೆಯುತ್ತದೆ. ಹೋಲ್ಡರಿನೊಳಗಿನ ಹಿತ್ತಾಳೆಗೆ ಕಿಲುಬು ಹಿಡಿದು, ಹಿಡಿತ ಸಡಿಲವಾಗಿ, ಅಲ್ಲಿ ಬರೀ 0.2 ಓಮ್ ಪ್ರತಿರೋಧ ಹುಟ್ಟಿಕೊಂಡರೆ ಒಂದು ವೋಲ್ಟು ಅಲ್ಲೇ ಸೋರಿಹೋಗುತ್ತದೆ. ಐದು ವಾಟಿನಷ್ಟು ಶಾಖ ಕಡಲೆಬೀಜದಷ್ಟು ಜಾಗದಲ್ಲಿ ಹುಟ್ಟುತ್ತದೆ. ಆ ಶಾಖಕ್ಕೆ ಪ್ಲಾಸ್ಟಿಕ್ಕು ಕಂದಾಗಿ, ಹಪ್ಪಳದಂತೆ ಪೆಡಸಾಗಿ, ಲೋಹಕ್ಕೆ ಅಂಟಿಕೊಂಡುಬಿಡುತ್ತದೆ. ಬೆಳಕಿನ ಲೆಕ್ಕ ಇನ್ನೂ ಕೆಟ್ಟದು. ಬಲ್ಬಿಗೆ ತಲುಪುವ ವೋಲ್ಟೇಜು ಹನ್ನೆರಡರಿಂದ ಹನ್ನೊಂದಕ್ಕೆ ಇಳಿದರೆ ಬೆಳಕು ಹನ್ನೆರಡರಲ್ಲಿ ಒಂದು ಪಾಲಷ್ಟೇ ಕಡಿಮೆಯಾಗುತ್ತದೆ ಅನ್ನಿಸುತ್ತದೆ ಅಲ್ಲವೇ? ಸುಮಾರು ಕಾಲು ಭಾಗ ಹೋಗುತ್ತದೆ. ನಮ್ಮ ತಾತ ಹೇಳುತ್ತಿದ್ದ ‘ಆ ಕಾಲದ ಕಾರಿನ ಹಿತವಾದ ಹಳದಿ ಬೆಳಕು’ ಎಂಬ ಮಾತಿನಲ್ಲಿ ಎಷ್ಟು ಪಾಲು ಹಿತ, ಎಷ್ಟು ಪಾಲು ಕಿಲುಬು ಎಂದು ಈಗ ಯೋಚಿಸಬೇಕಾಗುತ್ತದೆ.

ಎಲೆಕ್ಟ್ರಿಷಿಯನ್ ಬಿ.ಎಂ. ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟುಕೊಂಡಿರುವವರು. ಐವತ್ತು ದಾಟಿದ ಆಸಾಮಿ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಅವರು ಹೋಲ್ಡರನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿದರು. ಕದಲಲಿಲ್ಲ.

“ಇದು ಬರಲ್ಲ ಸಾರ್. ಕಟ್ ಮಾಡ್ಬಿಟ್ಟು ಹೊಸಾ ಹೋಲ್ಡರ್ ಹಾಕ್ಬಿಡ್ತೀನಿ. ಐದು ನಿಮಿಷ.”

“ಕತ್ತರಿ ಹಾಕೋದು ಬೇಡಿ ಮೇಸ್ತ್ರಿ. ಅಪ್ಪನ ಕಾಲದ್ದು,” ಎಂದರು ಮಾವ.

“ಯಾರಿಗೆ ಕಾಣುತ್ತೆ ಸಾರ್ ಅದು? ಮುಂದ್ಗಡೆ ಗ್ಲಾಸು, ಹಿಂದ್ಗಡೆ ತಗಡು.”

ಈ ಪ್ರಶ್ನೆ ನೀತಿಶಾಸ್ತ್ರದ ಅತ್ಯಂತ ಹಳೆಯ ಪ್ರಶ್ನೆಗಳಲ್ಲೊಂದು. ಕಾಣದ ಕಡೆ ಮಾಡುವ ಕೆಲಸವನ್ನು ಯಾರಿಗಾಗಿ ಸರಿಯಾಗಿ ಮಾಡಬೇಕು? ಪ್ಲೇಟೊ ತನ್ನ ‘ರಿಪಬ್ಲಿಕ್’ನಲ್ಲಿ ಒಂದು ಉಂಗುರದ ಕಥೆ ಹೇಳಿಸುತ್ತಾನೆ, ತೊಟ್ಟವನು ಯಾರಿಗೂ ಕಾಣದಂತಾಗುತ್ತಾನೆ, ಹಾಗಾದಮೇಲೂ ಅವನು ನ್ಯಾಯವಾಗಿ ಏಕೆ ನಡೆದುಕೊಳ್ಳಬೇಕು ಎಂದು ಅಲ್ಲಿ ವಾದ. ನಮ್ಮಲ್ಲಿ ‘ಮೇಲಿರೋನು ನೋಡ್ತಾನೆ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಅಂಬಾಸಿಡರಿನ ಹೆಡ್‌ಲೈಟಿನ ಹಿಂದೆ ನೋಡಲು ದೇವರನ್ನು ಕರೆಯುವ ಅಗತ್ಯವಿಲ್ಲ, ಅಲ್ಲಿ ಖಂಡಿತ ಒಬ್ಬ ಮನುಷ್ಯ ನೋಡಿಯೇ ನೋಡುತ್ತಾನೆ: ಮುಂದಿನ ಮೇಸ್ತ್ರಿ.

ಇದು ನನ್ನ ತೀರ್ಮಾನವಾಗಿ ಬರಲಿಲ್ಲ. ಮೇಸ್ತ್ರಿಯವರೇ ಎಡಗಡೆಯ ಲೈಟನ್ನು ಬಿಚ್ಚಿ ತೋರಿಸಿದರು. ಅಲ್ಲಿನ ವೈರುಗಳು ಬಿಗಿದ ತಂತಿಯ ಹಾಗೆ ನಿಂತಿದ್ದವು. ಹೋಲ್ಡರ್ ಲೈಟಿನ ಬೆನ್ನನ್ನು ಕಷ್ಟಪಟ್ಟು ಮುಟ್ಟುತ್ತಿತ್ತು. “ನೋಡಿ, ಇದನ್ನ ಯಾವನೋ ಮೂರು ಸಲ ಕಟ್ ಮಾಡವ್ನೆ. ಒಂದೊಂದ್ಸಲಕ್ಕೂ ಒಂದಿಂಚು, ಎರಡಿಂಚು. ಇನ್ನೊಂದ್ಸಲ ಮಾಡಿದ್ರೆ ಲೈಟಿಗೆ ಎಟಕಲ್ಲ.” ಕಾರ್ಖಾನೆಯಲ್ಲಿ ವೈರಿಂಗ್ ಮಾಡಿದವರು ಒಂದಿಷ್ಟು ಸಡಿಲ ಉದ್ದ ಬಿಟ್ಟಿರುತ್ತಾರೆ, ಮುಂದೆ ರಿಪೇರಿ ಮಾಡುವವರ ಕೈ ಆಡಲಿ ಎಂದು. ಆ ಸಡಿಲವನ್ನು ಮೊದಲನೆಯವನು ಸ್ವಲ್ಪ ತಿಂದ, ಎರಡನೆಯವನು ಇನ್ನಷ್ಟು ತಿಂದ, ಮೂರನೆಯವನು ಮುಗಿಸಿದ. ಯಾರೂ ಕೆಟ್ಟ ಕೆಲಸಗಾರರಲ್ಲ. ಪ್ರತಿಯೊಬ್ಬನ ಕಾಲದಲ್ಲೂ ಲೈಟು ಉರಿದಿದೆ, ಗಿರಾಕಿ ದುಡ್ಡು ಕೊಟ್ಟಿದ್ದಾನೆ. ನಷ್ಟ ಬಂದು ಕೂತದ್ದು ನಾಲ್ಕನೆಯವನ ತಲೆಗೆ. ಅವನು ಈ ಮೂರು ಜನರಿಗೆ ಗೊತ್ತೇ ಇರಲಿಲ್ಲ, ಅವರಲ್ಲಿ ಮೊದಲನೆಯವನು ಕತ್ತರಿ ಹಾಕಿದಾಗ ಪ್ರಾಯಶಃ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ.

ಕೆರೆಯ ನೀರು, ಊರ ಗೋಮಾಳ, ಬೋರ್‌ವೆಲ್ಲಿನ ಆಳ ಎಲ್ಲದರಲ್ಲೂ ನಾವು ಮಾಡುತ್ತಿರುವುದು ಇದನ್ನೇ ಎಂದು ವಿಸ್ತರಿಸುವ ಆಸೆ ಆಗುತ್ತದೆ. ಆದರೆ ವೈರು ವೈರಾಗಿಯೇ ಇರಲಿ. ಅದರ ಅನುಕೂಲವೇನೆಂದರೆ ಇಲ್ಲಿ ಅನ್ಯಾಯವನ್ನು ಇಂಚಿನಲ್ಲಿ ಅಳೆಯಬಹುದು.

ಇಷ್ಟಾದರೂ ಮಾವ ಕತ್ತರಿ ಬೇಡವೆಂದದ್ದು ಮುಂದಿನ ಮೇಸ್ತ್ರಿಯ ಸಲುವಾಗಿ ಅಲ್ಲ. ಅವರಿಗೆ ಬೇಕಾದದ್ದು ‘ಒರಿಜಿನಲ್’. ಕಳೆದ ಒಂದು ವರ್ಷದಲ್ಲಿ ಆ ಪದವನ್ನು ಅವರ ಬಾಯಲ್ಲಿ ಕೇಳಿದಷ್ಟು ನಾನು ನಮ್ಮ ವಿಭಾಗದ ಸೆಮಿನಾರುಗಳಲ್ಲೂ ಕೇಳಿಲ್ಲ. ಒರಿಜಿನಲ್ ಬಂಪರು, ಒರಿಜಿನಲ್ ಗ್ರಿಲ್ಲು, ಒರಿಜಿನಲ್ ಬಣ್ಣ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅವರು ಅದಕ್ಕಾಗಿ ಸುತ್ತಿದ್ದಾರೆ. ಹೊಸ ಡಬ್ಬಿಯಲ್ಲಿ ಬಂದ ಹಳೆಯ ಮಾಲು, ಹಳೆಯ ಡಬ್ಬಿಯಲ್ಲಿ ತುಂಬಿದ ಹೊಸ ಮಾಲು ಎರಡನ್ನೂ ಕಂಡಿದ್ದಾರೆ.

ಒರಿಜಿನಲ್ ಎನ್ನುವ ಮಾತು ಬಂದ ಕೂಡಲೇ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಥೀಸಿಯಸ್‌ನ ಹಡಗು ನೆನಪಾಗುತ್ತದೆ. ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಹಡಗು ಅದೇ ಹಡಗೇ? ನನಗೆ ಹೆಚ್ಚು ಹತ್ತಿರವೆನಿಸುವುದು ‘ಮಿಲಿಂದಪನ್ಹ’ದ ರಥ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳುತ್ತಾನೆ: ನೀನು ರಥದಲ್ಲಿ ಬಂದೆ ಎನ್ನುತ್ತೀಯ, ಹಾಗಾದರೆ ಮೂಕಿ ರಥವೇ? ಅಚ್ಚು ರಥವೇ? ಚಕ್ರ, ನೊಗ, ಲಗಾಮು ರಥವೇ? ಎಲ್ಲಕ್ಕೂ ರಾಜ ಅಲ್ಲವೆನ್ನುತ್ತಾನೆ. ಕೊನೆಗೆ ಈ ಭಾಗಗಳು ಒಂದನ್ನೊಂದು ಆಶ್ರಯಿಸಿ ನಿಂತಾಗ ನಾವು ಕೊಡುವ ಹೆಸರಷ್ಟೇ ರಥ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಆ ಸಂಭಾಷಣೆಯನ್ನು ಓದಿದಾಗಲೆಲ್ಲ ನನಗೊಂದು ತಕರಾರು. ಭಿಕ್ಷು ಕೇಳುವ ಪಟ್ಟಿಯಲ್ಲಿ ದೊಡ್ಡ ದೊಡ್ಡ ಅಂಗಗಳೆಲ್ಲ ಬರುತ್ತವೆ, ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕೀಲು, ಕಡಾಣಿಗಳು ಬರುವುದಿಲ್ಲ. ಆಶ್ರಯಿಸಿ ನಿಲ್ಲುವ ಕೆಲಸ ನಿಜಕ್ಕೂ ನಡೆಯುವುದು ಅಲ್ಲಿ. ಹೆಡ್‌ಲೈಟಿನ ಕನೆಕ್ಟರ್ ಕೂಡ ಅಂಥ ಕೀಲು. ಅದು ಬೆಳಕಲ್ಲ, ಬ್ಯಾಟರಿಯಲ್ಲ, ವೈರೂ ಅಲ್ಲ. ಕಾರನ್ನು ವರ್ಣಿಸುವ ಯಾರೂ ಅದರ ಹೆಸರೆತ್ತುವುದಿಲ್ಲ. ಕಾರು ಹಳತಾದಾಗ ಮೊದಲು ಸೋಲುವುದು ಮಾತ್ರ ಅದೇ.

ಕಾನೂನೂ ಅದರ ಹೆಸರೆತ್ತುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ, ಶುಲ್ಕ 20,000 ರೂಪಾಯಿ. ಮಾವ ಆ ಅರ್ಜಿಯ ಕಡೆ ಹೋಗಲಿಲ್ಲ. ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ, ಅವರಿಗೋ ಸಕಲೇಶಪುರಕ್ಕೆ ಓಡಿಸಬೇಕು. ನನಗೆ ಕುತೂಹಲ ಹುಟ್ಟಿಸಿದ್ದು ಮೂಲರೂಪದ ಆ ವ್ಯಾಖ್ಯೆ. ಅದರ ಪ್ರಕಾರ ವೈರನ್ನೆಲ್ಲ ಕಿತ್ತು ಬಿಸಾಡಿ ಹೊಸದು ಹಾಕಿದರೂ ಕಾರು ಒರಿಜಿನಲ್ಲೇ. ಆತ್ಮ ಎಂಜಿನ್ನಿನಲ್ಲಿದೆ, ನರಗಳಲ್ಲಿಲ್ಲ ಎಂದು ಸರ್ಕಾರ ತೀರ್ಮಾನಿಸಿದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ‘ಟ್ಯುರಿನ್ ಸನ್ನದು’ ಎಂದೊಂದನ್ನು ಮಾಡಿಕೊಂಡಿದೆ. ಕಟ್ಟಡ ಸಂರಕ್ಷಣೆಯ 1964ರ ವೆನಿಸ್ ಸನ್ನದಿನ ಜಾಡಿನಲ್ಲೇ ಬಂದದ್ದು. ಅದರ ಎರಡು ಸಲಹೆಗಳು ನನಗೆ ಹಿಡಿಸಿದವು. ಈಚೆಗೆ ಮಾಡುವ ಬದಲಾವಣೆ ಸಾಧ್ಯವಾದಷ್ಟೂ ಹಿಂದಕ್ಕೆ ತಿರುಗಿಸಬಹುದಾದದ್ದಾಗಿರಬೇಕು. ತೆಗೆದ ಮುಖ್ಯ ಮೂಲ ಭಾಗಗಳನ್ನು ವಾಹನದ ಜೊತೆಗೇ ಇಟ್ಟಿರಬೇಕು. ಅಂದರೆ ಬಿಡಿಸು, ಕತ್ತರಿಸಬೇಡ, ಬಿಡಿಸಿದ್ದನ್ನು ಎಸೆಯಬೇಡ.

ನನ್ನ ವಿಷಯದವರಿಗೆ ಇದು ಹೊಸ ಮಾತೇನಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠವಾಗಿ ಓದಿದವರಿಗೆ ಗೊತ್ತಿರುತ್ತದೆ: ಹಸ್ತಪ್ರತಿಯಲ್ಲಿ ಒಂದು ಪದ ತಪ್ಪಾಗಿದೆ ಅನ್ನಿಸಿದರೆ ಸಂಪಾದಕ ಅದನ್ನು ತಿದ್ದಬಹುದು, ಆದರೆ ತಿದ್ದಿದ್ದೇನೆಂದು ಹೇಳಬೇಕು. ಬಿಟ್ಟ ಪಾಠವನ್ನು ಪುಟದ ಅಡಿಯಲ್ಲಿ ಕೊಡಬೇಕು. ಓದುಗ ನಾಳೆ ಬಂದು ‘ನೀನು ತಿದ್ದಿದ್ದು ಸರಿಯಿಲ್ಲ, ಹಳೆಯದೇ ಸರಿ’ ಎನ್ನಲು ದಾರಿ ತೆರೆದಿರಬೇಕು. ಮೌನವಾಗಿ ತಿದ್ದಿದವನು ಎಷ್ಟು ಚೆನ್ನಾಗಿ ತಿದ್ದಿದ್ದರೂ ನಮ್ಮಲ್ಲಿ ಅವನಿಗೆ ಒಳ್ಳೆಯ ಹೆಸರಿಲ್ಲ. ಅಡಿಟಿಪ್ಪಣಿಗಳ ಆ ಪುಟ್ಟ ಅಕ್ಷರಗಳೇ, ಯೋಚಿಸಿದರೆ, ಕತ್ತರಿಸದೆ ಉಳಿಸಿದ ವೈರಿನ ಉದ್ದ.

ರೋಮಿನ ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದ ಚೆಸಾರೆ ಬ್ರಾಂದಿ ಇದಕ್ಕೆ ಕಣ್ಣಿಗೆ ಕಾಣುವ ಒಂದು ಉಪಾಯ ಹುಡುಕಿದ. ಹಳೆಯ ಭಿತ್ತಿಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸಣ್ಣ ಸಣ್ಣ ನೆಟ್ಟಗೆರೆಗಳಿಂದ ತುಂಬುವುದು. ದೂರದಿಂದ ನೋಡಿದರೆ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ಗೆರೆಗಳು ಕಂಡು, ಇಲ್ಲಿ ಈಚಿನವರ ಕೈಯಿದೆ ಎಂದು ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಕಲ್ಲಿನ ನವರಂಗಕ್ಕೆ ನುಣುಪು ಟೈಲ್ಸ್ ಹಾಸಿ, ಶಾಸನದ ಮೇಲೆ ಎನಾಮಲ್ ಪೇಂಟು ಬಳಿದು, ದಾನಿಗಳ ಹೆಸರನ್ನು ಮಾತ್ರ ಎದ್ದು ಕಾಣುವಂತೆ ಕೆತ್ತಿಸುವುದನ್ನು ನೋಡಿದಾಗ ಬ್ರಾಂದಿ ನೆನಪಾಗುತ್ತಾನೆ. ‘ಉದ್ಧಾರ’ ಎಂಬ ಪದವನ್ನು ನಮ್ಮ ಅಮ್ಮಂದಿರು ಯಾವ ರಾಗದಲ್ಲಿ ಹೇಳುತ್ತಾರೆ ಎಂಬುದೂ.

ಇಷ್ಟು ಹೇಳಿದರೆ ಬಿಡಿಸುವವರ ಪಕ್ಷ ಗೆದ್ದಂತೆ ಕಾಣುತ್ತದೆ. ಅದರ ವಿರುದ್ಧ ಎರಡು ಗಟ್ಟಿ ವಾದಗಳಿವೆ.

ಮೊದಲನೆಯದು ರಸ್ತೆಯಲ್ಲಿ ಎದುರಿಗೆ ಬರುವವನದು. ಹಸ್ತಪ್ರತಿಯ ತಪ್ಪು ಪಾಠ ಯಾರ ಮೇಲೂ ಹರಿದುಹೋಗುವುದಿಲ್ಲ. ಹಾಸನದಿಂದ ಸಕಲೇಶಪುರದ ಕಡೆಗೆ ಮಳೆಗಾಲದ ರಾತ್ರಿ ಹೋಗುವ ಕಾರಿಗೆ ಮಂಜು ಬಡಿಯುತ್ತದೆ. ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಡೆಯುವವರು ಇರುತ್ತಾರೆ. ಅವರಿಗೆ ಕಾರು ಒರಿಜಿನಲ್ಲೋ ಅಲ್ಲವೋ ಎಂಬುದು ಬೇಕಿಲ್ಲ, ಚಾಲಕನಿಗೆ ತಾವು ಕಾಣುತ್ತೇವೋ ಇಲ್ಲವೋ ಎಂಬುದು ಬೇಕು. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುವುದಾದರೆ ಹಳೆಯ ಹೋಲ್ಡರನ್ನು ಮುಟ್ಟದೆ ಬಿಡಬಹುದು. ರಸ್ತೆಗಿಳಿಸುವುದಾದರೆ ಮೂಲರೂಪದ ಮೇಲಿನ ನಮ್ಮ ಪ್ರೀತಿಯ ಬೆಲೆಯನ್ನು ಬೇರೆಯವರು ತೆರುವಂತಾಗಬಾರದು. ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆಯಿದೆ. ಅದಕ್ಕೇ ಬೆಳಕಿನ ಕರೆಂಟು ಹಳೆಯ ಸ್ವಿಚ್ಚಿನ ಮೂಲಕ ಹಾಯದ ಹಾಗೆ ರಿಲೇ ಹಾಕಿಸುವುದೆಂದು ತೀರ್ಮಾನವಾಯಿತು: ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು, ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟು ಚೂರು ಕರೆಂಟು ಮಾತ್ರ. ಮಾವನ ಮಗ ಎಲ್‌ಇಡಿ ಹಾಕಿಬಿಡೋಣ ಎಂದ. ಫಿಲಮೆಂಟು ಎಲ್ಲಿರುತ್ತದೋ ಅದಕ್ಕೆ ತಕ್ಕಂತೆ ರೂಪಿಸಿದ ಡೂಮಿನೊಳಗೆ ಅಳತೆ ಹೊಂದದ ಎಲ್‌ಇಡಿ ಕೂರಿಸಿದರೆ ಬೆಳಕು ಎಲ್ಲೆಲ್ಲೋ ಚೆಲ್ಲಿ ಎದುರಿನವನ ಕಣ್ಣು ಕುಕ್ಕುತ್ತದೆ. ನಾವು ಕಾಣಬೇಕೆಂದು ಅವನನ್ನು ಕುರುಡು ಮಾಡುವುದು ಯಾವ ನ್ಯಾಯ? ಅದು ಅಲ್ಲಿಗೇ ಬಿತ್ತು.

ಎರಡನೆಯ ವಾದ ನನಗೆ ಹೆಚ್ಚು ಕಷ್ಟ ಕೊಟ್ಟದ್ದು. ಕತ್ತರಿಸಲು ಐದು ನಿಮಿಷ ಎಂದರಲ್ಲ ಮೇಸ್ತ್ರಿ, ಬಿಡಿಸಲು ಎಷ್ಟು ಹೊತ್ತು ಎಂದು ಕೇಳಿದೆ. ಅವರು ಉತ್ತರ ಕೊಡದೆ ಅಂಗಡಿಯ ಕಡೆ ಕೈ ತೋರಿಸಿದರು. ಮೂರು ಆಟೋ, ಒಂದು ಟೆಂಪೋ ನಿಂತಿದ್ದವು. ಆಟೋದವರಿಗೆ ಗಾಡಿ ನಿಂತರೆ ದಿನದ ದುಡಿಮೆ ನಿಂತಂತೆ. ಮೇಸ್ತ್ರಿಗೂ ಅಷ್ಟೆ, ಅವರ ಸಂಪಾದನೆ ಕೆಲಸದ ಲೆಕ್ಕದ್ದು, ಗಂಟೆಯ ಲೆಕ್ಕದ್ದಲ್ಲ. ಎರಡು ಹೆಡ್‌ಲೈಟಿಗೆ ಇಷ್ಟು ಎಂದರೆ ಇಷ್ಟೇ, ಐದು ನಿಮಿಷಕ್ಕೆ ಮುಗಿದರೂ ಮಧ್ಯಾಹ್ನವಿಡೀ ಹಿಡಿದರೂ. ಹಾಗಿರುವಾಗ ‘ಬಿಡಿಸಿ, ಕತ್ತರಿಸಬೇಡಿ’ ಎಂಬ ನನ್ನ ಮೌಲ್ಯ ಯಾರ ಜೇಬಿನಿಂದ ಬರುತ್ತದೆ? ತಿಂಗಳಿಗಿಷ್ಟು ಎಂದು ಫೆಲೋಶಿಪ್ ಪಡೆಯುವ ನಾನು ಒಂದು ಪಾಠಾಂತರದ ಹಿಂದೆ ಹದಿನೈದು ದಿನ ಅಲೆದರೂ ಯಾರೂ ಕೇಳುವುದಿಲ್ಲ. ಸಾವಧಾನ ಎಂಬುದು ನನ್ನ ವೃತ್ತಿಯ ಗುಣ ಎಂದು ಹೊಗಳಿಸಿಕೊಳ್ಳುತ್ತೇನೆ. ಅದೇ ಸಾವಧಾನವನ್ನು ಮೇಸ್ತ್ರಿಯಿಂದ ಬಿಟ್ಟಿ ಬೇಡುವುದಕ್ಕೆ ನೀತಿ ಎಂಬ ಹೆಸರು ಹೊಂದುವುದಿಲ್ಲ. ಎಡಗಡೆಯ ವೈರನ್ನು ಮೂರು ಸಲ ಕತ್ತರಿಸಿದ ಆ ಅಜ್ಞಾತರ ಬಗ್ಗೆ ನಾನು ಮೇಲೆ ಬರೆದದ್ದಕ್ಕೂ ಇದನ್ನು ಸೇರಿಸಬೇಕು: ಅವರ ಹಿಂದೆಯೂ ನಾಲ್ಕು ಗಾಡಿ ನಿಂತಿದ್ದಿರಬೇಕು. ಗೇಣಿಗೆ ಉತ್ತವನು ಮಣ್ಣಿನ ಸಾರ ಉಳಿಸಲಿಲ್ಲ ಎಂದು ಭೂಮಾಲೀಕ ದೂರಿದಂತಾಗಬಾರದು.

ಮಾವ ವ್ಯವಹಾರಸ್ಥರ ಮಗ, ಇದನ್ನು ತತ್ತ್ವವಿಲ್ಲದೆ ಬಗೆಹರಿಸಿದರು. “ಮೇಸ್ತ್ರಿ, ನಾಳೆ ಭಾನುವಾರ ಮನೆಗೇ ಬಂದ್ಬಿಡಿ. ದಿನದ ಲೆಕ್ಕ ಹಾಕ್ಕೊಳ್ಳಿ. ಊಟ ನಮ್ಮಲ್ಲೇ.” ಮೇಸ್ತ್ರಿ ಒಂದು ಗಳಿಗೆ ಯೋಚಿಸಿ, “ಆಯ್ತು ಸಾರ್, ನಿಧಾನಕ್ಕೆ ಮಾಡಣ” ಎಂದರು. ಆ ‘ನಿಧಾನಕ್ಕೆ’ ಎಂಬ ಪದದಲ್ಲಿ ನನಗೆ ಸಂತೋಷ ಕೇಳಿಸಿತು. ಅವರಿಗೆ ಬಿಡಿಸಲು ಬರುವುದಿಲ್ಲವೆಂದಲ್ಲ. ಬಿಡಿಸುವಷ್ಟು ಹೊತ್ತನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಭಾನುವಾರ ಅವರು ತಂದ ಸಾಮಾನಿನಲ್ಲಿ ಒಂದು ಛತ್ರಿಯ ಕಡ್ಡಿಯಿತ್ತು. ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ನಾಲಿಗೆಯಷ್ಟು ತೆಳ್ಳಗೆ ಮಾಡಿದ್ದರು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಹೋಲ್ಡರಿನ ಸುತ್ತ ತುಕ್ಕಿನೆಣ್ಣೆ ಬಿಟ್ಟು, ಬೀಡಿ ಸೇದಿ ಬರುವಷ್ಟು ಹೊತ್ತು ಬಿಟ್ಟರು. ಆಮೇಲೆ ವೈರನ್ನು ಎಳೆಯದೆ, ಹೋಲ್ಡರಿನ ಮೈಯನ್ನೇ ಹಿಡಿದು, ಎಡಕ್ಕೆ ಒಂದು ಕೂದಲೆಳೆ, ಬಲಕ್ಕೆ ಒಂದು ಕೂದಲೆಳೆ. ಹಲ್ಲು ಕೀಳುವ ಡಾಕ್ಟರರ ಹಾಗೆ. ಇಪ್ಪತ್ತು ನಿಮಿಷಕ್ಕೆ ಅದು ‘ಕಟ್’ ಎಂದು ಈಚೆ ಬಂತು, ಅಂಚಿನ ಒಂದು ಚೂರು ಮಾತ್ರ ಮುರಿದಿತ್ತು.

ಇನ್ನು ಹೋಲ್ಡರಿನೊಳಗಿಂದ ವೈರಿನ ತುದಿಗಳನ್ನು ಬಿಡಿಸುವುದು. ಪ್ರತಿ ತುದಿಗೂ ಹಿತ್ತಾಳೆಯ ಥಿಂಬಲ್, ಥಿಂಬಲ್ಲಿನ ಮೇಲೆ ಮೀನಿನ ಕಿವಿರಿನಂತೆ ಎದ್ದ ಒಂದು ಸಣ್ಣ ಕೊಂಡಿ. ಒಳಗೆ ಹೋಗುವಾಗ ಮಡಚಿಕೊಂಡು, ಹೋದಮೇಲೆ ಅರಳಿ, ಹಿಂದಕ್ಕೆ ಬರದಂತೆ ತಡೆಯುತ್ತದೆ. ಎಳೆದಷ್ಟೂ ಅದು ಬಿಗಿಯಾಗುತ್ತದೆ. ಬಿಡಿಸಬೇಕಾದರೆ ವೈರನ್ನು ಮೊದಲು ಒಳಗಡೆಗೇ ಒಂದಿಷ್ಟು ತಳ್ಳಬೇಕು. ಕೊಂಡಿಯ ಮೇಲಿನ ಒತ್ತಡ ಸಡಿಲವಾದಾಗ ಎದುರು ಬದಿಯಿಂದ ಛತ್ರಿ ಕಡ್ಡಿ ತೂರಿಸಿ ಕೊಂಡಿಯನ್ನು ಒತ್ತಿ ಹಿಡಿದರೆ ವೈರು ತಾನಾಗಿ ಹಿಂದಕ್ಕೆ ಜಾರುತ್ತದೆ. ನೋಡುತ್ತ ನಿಂತಿದ್ದ ಮಾವ, “ಅಳಿಯಾ, ನೋಡ್ಕೋ, ಇದನ್ನೂ ಥೀಸಿಸ್ಸಿಗೆ ಹಾಕ್ಕೋ” ಎಂದರು.

ಕಪ್ಪು ವೈರು ಈಚೆ ಬಂದಾಗ ಅದರ ಕುತ್ತಿಗೆಯ ಬಳಿ ಬೇರೆ ಬಣ್ಣದ ಏನೋ ಕಂಡಿತು. ಮೇಸ್ತ್ರಿ ಉಗುರಲ್ಲಿ ಕೆರೆದು ನಕ್ಕರು. ಸೈಕಲ್ಲಿನ ವಾಲ್ ಟ್ಯೂಬು. ಯಾವಾಗಲೋ ಅಲ್ಲಿ ವೈರಿನ ಹೊದಿಕೆ ಬಿರುಕು ಬಿಟ್ಟಿದೆ. ಯಾರೋ ಒಂದಿಂಚು ವಾಲ್ ಟ್ಯೂಬನ್ನು ತೂರಿಸಿ, ಎರಡೂ ತುದಿಗೆ ದಾರ ಸುತ್ತಿ ಭದ್ರ ಮಾಡಿದ್ದಾರೆ. ರಬ್ಬರು ಒಣಗಿ ಸುಕ್ಕಾಗಿತ್ತು, ದಾರದ ಸುತ್ತು ಮಾತ್ರ ಒಂದರ ಪಕ್ಕ ಒಂದು ಹಾಗೇ ಕೂತಿತ್ತು.

ಈಗ ಒರಿಜಿನಲ್ಲಿನ ಗತಿಯೇನು? ಉತ್ತರಪಾಡಾದಿಂದ ಬಂದ ಕಾರಿನಲ್ಲಿ ವಾಲ್ ಟ್ಯೂಬು ಇರಲಿಲ್ಲ. ಮಾವನ ವ್ಯಾಖ್ಯೆಯಂತೆ ಅದು ಪ್ರಕ್ಷೇಪ, ಕಿತ್ತು ಎಸೆಯತಕ್ಕದ್ದು. ಆದರೆ ತಾತ ಓಡಾಡಿದ ಕಾರಿನಲ್ಲಿ ಅದು ಇತ್ತು. ಅದು ಹಿಡಿದುಕೊಂಡದ್ದರಿಂದಲೇ ಯಾವುದೋ ರಾತ್ರಿ ಅವರು ಮನೆ ಸೇರಿರಬಹುದು. ನಾವು ಕಾರನ್ನು ಯಾವ ದಿನಕ್ಕೆ ಹಿಂದಿರುಗಿಸುತ್ತಿದ್ದೇವೆ? ಕಾರ್ಖಾನೆಯ ಗೇಟು ದಾಟಿದ ದಿನಕ್ಕೋ, ತಾತ ಕೊನೆಯ ಸಲ ಇಳಿದ ದಿನಕ್ಕೋ? ಗ್ರಂಥಸಂಪಾದನೆಯಲ್ಲೂ ಇದೇ ಜಗಳ. ಕವಿಯ ಮೂಲಪಾಠಕ್ಕೆ ತಲುಪುವುದೇ ಗುರಿ ಎನ್ನುವವರಿಗೆ ಲಿಪಿಕಾರ ನಡುವೆ ಸೇರಿಸಿದ್ದೆಲ್ಲ ಕಸ. ನನ್ನ ಪ್ರಬಂಧ ಇರುವುದೇ ಆ ಕಸದ ಮೇಲೆ. ಪ್ರತಿ ಮಾಡಿ ಮುಗಿಸಿದವನು ಕೊನೆಯ ಗರಿಯಲ್ಲಿ ತನ್ನ ಹೆಸರು, ಊರು, ತಿಥಿ ಹೇಳಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಬೇಡುವ ಸಾಲುಗಳು ಕಾವ್ಯದ ಭಾಗವಲ್ಲ. ಆದರೆ ಅವನು ಹೊಸ ಗರಿಗೆ ಇಳಿಸದಿದ್ದರೆ ಕಾವ್ಯ ನಮ್ಮವರೆಗೆ ಬರುತ್ತಿರಲಿಲ್ಲ. ಹಾಗಾಗಿ ವಾಲ್ ಟ್ಯೂಬಿನ ಪರವಾಗಿ ನಾನು ಸ್ವಲ್ಪ ಜೋರಾಗಿಯೇ ವಾದಿಸಿದೆ.

ಅದನ್ನು ಕಾರಿನಲ್ಲೇ ಉಳಿಸುವ ಹಾಗಂತೂ ಇರಲಿಲ್ಲ. ಒಣಗಿದ ರಬ್ಬರನ್ನು ಕರೆಂಟು ಹಾಯುವ ಜಾಗದಲ್ಲಿ ಬಿಡಲು ಮೇಸ್ತ್ರಿ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಎರಡೂ ಕಡೆ ಹೊಸ ಹೋಲ್ಡರ್, ಹೊಸ ವೈರು ಬಂದವು. ಎಡಗಡೆಯಂತೂ ಹಳೆಯ ವೈರು ಎಟಕುವ ಸ್ಥಿತಿಯಲ್ಲೇ ಇರಲಿಲ್ಲ. ಹೊಸ ವೈರು ನೀಲಿ-ಬಿಳಿ, ನೀಲಿ-ಕೆಂಪು ಬಣ್ಣದ್ದೇ ಆಗಬೇಕೆಂದು ಮಾವ ಹುಡುಕಿಸಿದರು; ಅದರ ಮೇಲೆ ನಾನು ಒಂದು ಪುಟ್ಟ ಬಿಳಿ ಪಟ್ಟಿ ಅಂಟಿಸಿ ವರ್ಷ ಬರೆದೆ. ಮೇಸ್ತ್ರಿ ಎರಡೂ ಕಡೆ ನಾಲ್ಕಿಂಚು ಸಡಿಲ ಬಿಟ್ಟು ಸುತ್ತಿ ಕಟ್ಟಿದರು. ಅವರಿಗೆ ಯಾರೂ ಹೇಳಲಿಲ್ಲ.

ತೆಗೆದ ಸಾಮಾನನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಒಂದೊಂದಕ್ಕೂ ಚೀಟಿ ಕಟ್ಟುವ ಕೆಲಸ ನನ್ನದಾಯಿತು. ಥೀಸಿಯಸ್‌ನ ಹಡಗಿನ ಒಗಟಿಗೆ ಥಾಮಸ್ ಹಾಬ್ಸ್ ಒಂದು ತಿರುವು ಕೊಟ್ಟಿದ್ದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ಅಸಲು? ನಮ್ಮ ಡಬ್ಬಿಯಿಂದ ಕಾರು ಕಟ್ಟಲು ಆಗದು, ಎರಡು ಹೋ‌ಲ್ಡರು, ಆರು ಥಿಂಬಲ್ಲು, ಒಂದಿಷ್ಟು ವೈರು ಅಷ್ಟೆ. ಚೀಟಿಗಳನ್ನು ಬರೆಯುತ್ತ ವಾಲ್ ಟ್ಯೂಬಿನ ಹತ್ತಿರ ಬಂದಾಗ ಮಾವ ಹೇಳಿದರು: “ಅಪ್ಪನ ಕೈಕೆಲಸ ಅಂತ ಬರಿ. ರಾತ್ರಿ ದಾರಿಯಲ್ಲಿ ಕೆಟ್ರೆ ಅವರೇ ಇಳಿದು ಮಾಡ್ಕೊಳ್ಳೋರು.”

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದವರು ತಲೆಯಾಡಿಸಿದರು. “ಇದು ಓನರ್ ಮಾಡಿದ್ದಲ್ಲ ಸಾರ್. ದಾರ ಸುತ್ತಿರೋದು ನೋಡಿ. ಗಂಟು ಒಳಗಡೆ ಎಳ್ಕೊಂಡವ್ನೆ. ಇದು ಕಲಿತಿರೋ ಕೈ.”

“ಅಪ್ಪಂಗೂ ಬರ್ತಿತ್ತು ಕಣ್ರೀ.”

“ಇರಬೋದು ಸಾರ್.”

ಚೀಟಿಯಲ್ಲಿ ನಾನು ‘ಬಲಗಡೆ ಹೆಡ್‌ಲೈಟು, ಅರ್ತ್ ವೈರಿನ ಮೇಲಿದ್ದ ಸೈಕಲ್ ವಾಲ್ ಟ್ಯೂಬು’ ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಎರಡೂ ಪಾಠಗಳನ್ನು ಕೊಟ್ಟೆ: ಮಾವ ಹೇಳುವಂತೆ ತಾತ ಹಾಕಿದ್ದು, ಮೇಸ್ತ್ರಿ ಹೇಳುವಂತೆ ಬೇರೊಬ್ಬ ಮೇಸ್ತ್ರಿ. ಡಬ್ಬಿ ಈಗ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿದೆ.